ಅಕ್ಕನ ಸಹಿ

ಇಚಲಕರಂಜಿ
೬ ಜನವರಿ ೨೦೨೫

ಅಕ್ಕ ಗೌರವ್ವನಿಗೆ ತಮ್ಮ ಯಲ್ಲೇಶನ ನಮಸ್ಕಾರ.

ಹೋದ ಪತ್ರ ಬರೆದಾಗ ಹೇಗಿದ್ದೆವೋ ಹಾಗೆಯೇ ಇದ್ದೇವೆ, ನನ್ನ ಕಿವಿಯೊಂದನ್ನು ಬಿಟ್ಟು. ಈಗ ಎಡಗಿವಿಯೂ ಕೈಕೊಟ್ಟಿದೆ. ಫೋನಿನಲ್ಲಿ ನೀನು ಮಾತಾಡಿದರೆ ಅಕ್ಕಿ ಕೇರಿದಷ್ಟು ಸದ್ದು ಬರುತ್ತದೆ, ಮಾತು ಬರುವುದಿಲ್ಲ. ಇಪ್ಪತ್ತೆಂಟು ವರ್ಷ ಪವರ್‌ಲೂಮ್ ನಡುವೆ ನಿಂತ ಮೇಲೆ ಇಷ್ಟಾದರೂ ಆಗಬೇಕಲ್ಲ. ಎದುರಿಗಿದ್ದವರ ಜೊತೆ ತೊಂದರೆಯಿಲ್ಲ. ಶೆಡ್ಡಿನ ಗದ್ದಲದಲ್ಲಿ ನಾವೆಲ್ಲ ತುಟಿ ನೋಡಿಯೇ ಮಾತು ತಿಳಿದುಕೊಳ್ಳುವವರು. ನಿನಗೆ ಮಾತ್ರ ಪತ್ರವೇ ಸರಿ. ಎರಡೂ ಮನೆಗಳಲ್ಲಿ ಕನ್ನಡ ಓದಲು ಬರುವುದು ನಮ್ಮಿಬ್ಬರಿಗೇ, ಉಳಿದವರೆಲ್ಲ ಮರಾಠಿ ಶಾಲೆಯವರು. ಏನು ಬೇಕಾದರೂ ಬರೆಯಬಹುದು.

ಸುದ್ದಿ ಏನೆಂದರೆ ಮಾಲೀಕರು ಶೆಡ್ಡನ್ನು ಮಾರುತ್ತಿದ್ದಾರೆ. ಅದರ ಗೋಡೆಗೆ ಅಂಟಿದ ನಮ್ಮ ಬಾಡಿಗೆ ಕೋಣೆಯನ್ನು ಯುಗಾದಿಯೊಳಗೆ ಬಿಡಬೇಕು. ಇನ್ನು ಮಗ್ಗದ ಪಕ್ಕ ಬಾಡಿಗೆಗೆ ಇರಬಾರದು ಎಂದು ನಿರ್ಧರಿಸಿದ್ದೇನೆ. ಪ್ರಣಾಲಿಗೆ ಈಗ ಹದಿನೇಳು. ಇತ್ತೀಚೆಗೆ ಅವಳನ್ನೂ ಎರಡು ಸಲ ಕರೆಯಬೇಕಾಗುತ್ತದೆ. ಇದು ಮನೀಷಾಳ ಲಕ್ಷ್ಯಕ್ಕೆ ಬಂದ ದಿನ ಅವಳು ಊಟ ಮಾಡಲಿಲ್ಲ. ಮಗಳ ಕಿವಿ ಹೋಗುವ ಮೊದಲು ಸದ್ದಿಲ್ಲದ ಜಾಗದಲ್ಲಿ ಸ್ವಂತ ಮನೆ ಆಗಬೇಕು. ಹಣ ಹೊಂದಿಸಿದ್ದೇನೆ, ಅದರ ಚಿಂತೆ ನಿನಗೆ ಬೇಡ.

ಮನೆ ನೋಡಿದ್ದೂ ಆಗಿದೆ. ಊರ ಹೊರಗಿನ ಕಾಲನಿಯಲ್ಲಿ ಸಖಾರಾಮ ಎಂಬವನ ಮೂರು ಕೋಣೆಯ ಮನೆ, ಹಿಂದೆ ನೀರಿನ ನಳ. ಅಲ್ಲಿ ನೆಲದ ಮೇಲೆ ಬರಿಗಾಲಲ್ಲಿ ನಿಂತೆ. ಕಿವಿ ಹೋದವನಿಗೂ ಮಗ್ಗದ ನಡುಕ ಕಾಲಿಗೆ ತಿಳಿಯುತ್ತದೆ. ಅಲ್ಲಿ ನಡುಕವೇ ಇರಲಿಲ್ಲ.

ತೊಂದರೆ ಇರುವುದು ಏಜಂಟರಲ್ಲಿ. ಸಖಾರಾಮ ಇಬ್ಬರಿಗೆ ಹೇಳಿಟ್ಟಿದ್ದಾನೆ, ನಾನು ಯಾರನ್ನು ಹಿಡಿಯುತ್ತೇನೋ ಅವರ ಮೂಲಕವೇ ವ್ಯವಹಾರ. ಒಬ್ಬ ಹರ್ಷದ, ಮೂವತ್ತರ ಹುಡುಗ, ಕೊಲ್ಹಾಪುರದಲ್ಲಿ ಪೂರಾ ಗಾಜಿನ ಆಫೀಸು. ಹೋದ ಕೂಡಲೇ ತಣ್ಣನೆಯ ನೀರು ಕೊಟ್ಟು, ಕಿವಿಗೆ ಬಾಯಿಟ್ಟು "ಕಾಕಾ, ಟೆನ್ಶನ್ ಘೇವೂ ನಕಾ" ಎಂದು ಕೂಗಿ ಚಿಂತೆ ಬಿಡಿಸುತ್ತಾನೆ. ಎಂಟು ದಿನದಲ್ಲಿ ಕೀಲಿಕೈ ಕೊಡುತ್ತಾನಂತೆ. ಇನ್ನೊಬ್ಬರು ರಾಜಮತಿಬಾಯಿ, ಐವತ್ತೈದು ದಾಟಿದ ಜೈನರ ವಿಧವೆ. ಹಿಟ್ಟಿನ ಗಿರಣಿಯ ಹಿಂದಿನ ಕೋಣೆಯಲ್ಲಿ ಒಂದು ತಗಡಿನ ಟ್ರಂಕಿನ ಮುಂದೆ ಕೂತಿರುತ್ತಾರೆ. ಮನೆಯ ಫೋಟೋ ಕೂಡ ತೋರಿಸಲಿಲ್ಲ. ಬದಲಿಗೆ ನನ್ನ ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಕೇಳಿದರು: "ಸಖಾರಾಮಗ ಅಕ್ಕ-ತಂಗ್ಯಾರ ಎಷ್ಟ ಮಂದಿ? ಎಲ್ಲೆಲ್ಲಿ ಕೊಟ್ಟಾರ? ಅದನ್ನ ಮದಲ ತಿಳಕೊಂಡ ಬರ್ರಿ." ಮನೆ ಕೊಳ್ಳುವವನಿಗೆ ಮಾರುವವನ ಅಕ್ಕ-ತಂಗಿಯರ ಉಸಾಬರಿ ಯಾಕೆ ಹೇಳು.

ಯಾರನ್ನು ಹಿಡಿಯಲಿ? ನೀನು ಗಿರಾಕಿಗಳ ಮುಖ ನೋಡಿಯೇ ಬಟ್ಟೆ ಹೊಲಿಯುವವಳು, ಬೇಗ ಬರೆ.

ಯಲ್ಲೇಶ

ಗಡಹಿಂಗ್ಲಜ
೧೬ ಜನವರಿ ೨೦೨೫

ಚಿರಂಜೀವಿ ಯಲ್ಲೂಗೆ ಅಕ್ಕನ ಆಶೀರ್ವಾದ.

ಪತ್ರದ ಜೊತೆ ಒಂದು ಚಿಟಿಕೆ ಸಂಕ್ರಾಂತಿಯ ಎಳ್ಳು ಹಾಕಿದ್ದೇನೆ, ಅಂಚೆಯವರು ತಿನ್ನದಿದ್ದರೆ ಪ್ರಣಾಲಿಗೆ ಕೊಡು. ಮಗಳ ಕಿವಿಯ ಮಾತು ಓದಿ ನನಗೂ ಅನ್ನ ಇಳಿಯಲಿಲ್ಲ. ಡಾಕ್ಟರಿಗೆ ತೋರಿಸಿದಿರಾ? ಅದನ್ನೊಂದು ಬರೆಯಲಿಲ್ಲ ನೀನು.

ಏಜಂಟರ ವಿಷಯ. ನೀನು ಹೆಣ್ಣು ನೋಡಲು ಹೋದಾಗಲೂ ಹೀಗೆಯೇ, ಹುಡುಗಿಯನ್ನು ಬಿಟ್ಟು ಅವರ ಮನೆಯ ಫ್ಯಾನು ನೋಡಿ ಬಂದಿದ್ದೆ. ಪುಣ್ಯಕ್ಕೆ ಮನೀಷಾ ಒಳ್ಳೆಯವಳು ಸಿಕ್ಕಳು. ಆ ಹುಡುಗನ ಗಾಜು ಮತ್ತು ನೀರು ಎಲ್ಲ ಬರೆದೆ, ಅವನು ನಿನ್ನನ್ನು ಏನು ಕೇಳಿದ ಎಂದು ಬರೆಯಲಿಲ್ಲ. ಏನೂ ಕೇಳಿರಲಿಕ್ಕಿಲ್ಲ. ಕುಬಸ ಹೊಲಿಯುವವಳು ಅಳತೆ ಕೇಳದೆ "ಎಂಟು ದಿನದಲ್ಲಿ ಕೊಡ್ತೇನಿ" ಎಂದರೆ ನೀನು ಬಟ್ಟೆ ಕೊಡುತ್ತೀಯಾ? ಆ ರಾಜಮತಿಬಾಯಿ ಕೇಳಿದ್ದು ಸರಿಯಾಗಿದೆ. ಆ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳು ಇದ್ದರೆ ಅವಳಿಗೂ ಅದರಲ್ಲಿ ಹಕ್ಕಿದೆ.

ಇನ್ನೊಂದು. ನಮ್ಮ ತವರೂರು ಸುಳಕೂಡದ ಯಮುನವ್ವ ಕುಬಸ ಹೊಲಿಸಲು ಬಂದಿದ್ದಳು. ದೀಪಾವಳಿಯ ಮುಂಚೆಯೇ ನೀನು ಅಪ್ಪನ ಹೊಲ ಮಾರಿದೆ ಎಂದಳು. ನನಗೆ ಮೊದಲೇ ಗೊತ್ತಿದ್ದ ಹಾಗೆ ತಲೆಯಾಡಿಸಿದೆ. ಒಳ್ಳೆಯದೇ ಆಯಿತು, ಮನೆಗೆ ಆಯಿತಲ್ಲ.

ಅಕ್ಕ

ಇಚಲಕರಂಜಿ
೨೭ ಜನವರಿ ೨೦೨೫

ಅಕ್ಕನಿಗೆ ನಮಸ್ಕಾರ.

ಹೊಲದ ಸುದ್ದಿ ಹೇಳಬೇಕೆಂದೇ ಇದ್ದೆ. ಮಾರಾಟ ಒಂದು ವಾರದಲ್ಲಿ ಮುಗಿದುಹೋಯಿತು, ಆಮೇಲೆ ಮಗ್ಗದ ಸೀಸನ್ನು. ನೀನು ಬೇಸರ ಮಾಡಿಕೊಳ್ಳುವವಳಲ್ಲ ಎಂದು ಗೊತ್ತು. ಡಾಕ್ಟರಿಗೆ ತೋರಿಸಿದೆವು. ಪ್ರಣಾಲಿಗೆ ಈಗ ಸ್ವಲ್ಪವೇ ಹೋಗಿದೆ, ಸದ್ದಿನಿಂದ ದೂರ ಇಟ್ಟರೆ ಉಳಿದದ್ದು ಉಳಿಯುತ್ತದೆ ಎಂದರು.

ಆದರೆ ಇಲ್ಲಿ ದಿನ ಹೋಗುತ್ತಿವೆ. ರಾಜಮತಿಬಾಯಿ ಕಚೇರಿಯಿಂದ ಹಕ್ಕುದಾರರ ಹೆಸರಿರುವ ಉತಾರ ತೆಗೆಸಿದರು. ಮನೆ ಸಖಾರಾಮನ ಅಪ್ಪನದು, ಅದರಲ್ಲಿ ಸಖಾರಾಮನ ಜೊತೆ ತಂಗಿ ಹಿರಾಬಾಯಿಯ ಹೆಸರೂ ಇದೆ. ಆಕೆಯನ್ನು ಆಜರಾಕ್ಕೆ ಕೊಟ್ಟಿದ್ದಾರೆ. ಹಕ್ಕು ಬಿಟ್ಟ ಪತ್ರಕ್ಕೆ ಆಕೆ ಸಹಿ ಮಾಡಿಲ್ಲ. ಹರ್ಷದ "ತಂಗೀದು ನಾ ನೋಡ್ಕೋತೇನಿ, ನೀವು ಇಸಾರ ಕೊಡ್ರಿ" ಎನ್ನುತ್ತಾನೆ. ಇಸಾರ ಎಂದರೆ ಮುಂಗಡ ಕೊಟ್ಟು ಕರಾರು ಬರೆಯುವುದು, ಕೊಟ್ಟರೆ ಹಿಂದೆ ಬರುವಂತಿಲ್ಲ. ಫೆಬ್ರವರಿ ಹದಿನೇಳರೊಳಗೆ ಕೊಡದಿದ್ದರೆ ಬೇರೆ ಗಿರಾಕಿ ಇದ್ದಾರಂತೆ. ರಾಜಮತಿಬಾಯಿ ಮಾತ್ರ ಕೇಳುವುದಿಲ್ಲ. "ನಾ ಆಜರಾಕ್ಕ ಹೋಗಿ ಆಕಿನ್ನ ಕೇಳಿ ಬರತನ ಒಂದ ರೂಪಾಯಿನೂ ಕೊಡಬ್ಯಾಡ್ರಿ" ಎಂದು ಹಟ ಹಿಡಿದಿದ್ದಾರೆ. ಮೂವತ್ತು ವರ್ಷದಿಂದ ಹೀಗೆಯೇ, ಮಾರುವ ಮನೆಯ ಹೆಣ್ಣುಮಕ್ಕಳಿಗೆ ಉಡಿ ತುಂಬಿಸಿ, ಗಂಡಸರನ್ನು ಹೊರಗೆ ಕೂರಿಸಿ ಕೇಳುತ್ತಾರಂತೆ. ಏಜಂಟರೋ ಬೀಗರೋ ತಿಳಿಯದು!

ಗುರುವಾರ ಫೆಬ್ರವರಿ ಆರಕ್ಕೆ ಅವರು ಗಡಹಿಂಗ್ಲಜದಲ್ಲಿ ಬಸ್ಸು ಬದಲಿಸುತ್ತಾರೆ. ನಿನ್ನ ಅಂಗಡಿಯ ಗುರುತು ಹೇಳಿದ್ದೇನೆ, ಒಂದು ಹೊತ್ತು ಭಕ್ರಿ ಹಾಕು. ಹಾಗೇ ಅವರಿಗೆ ನೀನೇ ಬುದ್ಧಿ ಹೇಳು. ನೀನು ನನಗೆ ಕಾಗಲದ ಕಚೇರಿಯಲ್ಲಿ ಅಪ್ಪನ ಹೊಲದ ಕಾಗದಕ್ಕೆ ಒಂದೇ ನಿಮಿಷದಲ್ಲಿ ಸಹಿ ಮಾಡಿಕೊಟ್ಟೆಯಲ್ಲ, ಒಂದು ಮಾತಾದರೂ ಆಡಿದೆಯಾ? ತಂಗಿ-ಅಕ್ಕಂದಿರು ಹೀಗೂ ಇರುತ್ತಾರೆ ಎಂದು ನಿನ್ನ ಬಾಯಿಂದ ಕೇಳಿದರೆ ಆಜರಾಕ್ಕೆ ಹೋಗದೆ ತಿರುಗಿಯಾರು.

ಯಲ್ಲೇಶ

ಗಡಹಿಂಗ್ಲಜ
೭ ಫೆಬ್ರವರಿ ೨೦೨೫

ಯಲ್ಲೂ,

ರಾಜಮತಿಬಾಯಿ ನಿನ್ನೆ ಬಂದರು. ಹಸಿರುಸೊಪ್ಪು ಭಕ್ರಿ ಉಂಡರು. ಉಂಡು ಕೈತೊಳೆದು ನನಗೆ ಹೇಳಿದರು: "ನಾ ವಿಧವಿ. ನನ್ನ ಕೈಲೆ ಉಡಿ ತುಂಬಿಸ್ಕೊಳ್ಳಾಕ ಒಬ್ಬೊಬ್ಬರು ಹಿಂದಮುಂದ ನೋಡ್ತಾರ. ಹೋದಲ್ಲೆಲ್ಲಾ ಯಾರನರ ಕರಕೊಂಡ ಹೋಗ್ತೇನಿ. ಇವತ್ತ ನೀ ಬರ್ತೀ ಏನವಾ?" ನಾನು ಮಷೀನಿನ ಮೇಲೆ ಬಟ್ಟೆ ಮುಚ್ಚಿ ಹೊರಟೆ. ನಮ್ಮ ಮನೆಯವರು, ನಿನ್ನ ಮಾವ, ಊಟಕ್ಕೆ ಬಂದಾಗ ನಾನಿಲ್ಲ ಎಂದು ಆಮೇಲೆ ಕೂಗಾಡಿದರು, ಇರಲಿ.

ಹಿರಾಬಾಯಿಯ ಮನೆ ಆಜರಾದ ಪೇಟೆಯ ಹಿಂದೆ. ಗಂಡನಿಗೆ ಸಣ್ಣ ಕಿರಾಣಿ ಅಂಗಡಿ. ಮಾತು ಮರಾಠಿಯಲ್ಲಿ ನಡೆಯಿತು, ನಿನಗೆ ನಮ್ಮ ಮಾತಿನಲ್ಲಿ ಬರೆಯುತ್ತೇನೆ. ಗಂಡ, ಮೈದುನ ಇಬ್ಬರೂ ಚಾಪೆಯ ಮೇಲೆ ಬಂದು ಕುಳಿತರು. ರಾಜಮತಿಬಾಯಿ ನಗುತ್ತಲೇ, "ನೀವು ಹೊರಗ ಕೂಡ್ರಿ, ಇದು ಹೆಣ್ಣಮಕ್ಕಳ ಮಾತು" ಎಂದು ಬಾಗಿಲು ತೋರಿಸಿದರು. ನಾನು ಅಕ್ಕಿ, ತೆಂಗಿನಕಾಯಿ, ಕುಬಸದ ಕಣ ಹಾಕಿ ಹಿರಾಬಾಯಿಯ ಉಡಿ ತುಂಬಿದೆ. ಆಕೆ ಯಾರ ಮದುವೆ ಎಂದು ಕೇಳಿದಳು. ಪಾಪ, ಸೆರಗಿನಲ್ಲಿ ಅಕ್ಕಿ ಬಿದ್ದರೆ ಅಷ್ಟೇ ಗೊತ್ತು ನಮಗೆ.

ಆಗ ರಾಜಮತಿಬಾಯಿ ಕೇಳಿದರು: "ಇಚಲಕರಂಜ್ಯಾಗ ನಿಮ್ಮಪ್ಪನ ಮನಿ ಮಾರಾಕತ್ತಾರ. ಅದರಾಗ ನಿನ್ನ ಹೆಸರೂ ಐತಿ. ಬಿಡು ಅನ್ನಾಕ ನಾ ಬಂದಿಲ್ಲ, ಬಿಡಬ್ಯಾಡ ಅನ್ನಾಕೂ ಬಂದಿಲ್ಲ. ನಿನ್ನ ಮನಸಿನಾಗ ಏನೈತಿ?"

ಹಿರಾಬಾಯಿ ಎದ್ದು ಒಳಗೆ ಹೋಗಿ ಚಹಾ ಮಾಡಿ ತಂದಳು. ಸಕ್ಕರೆ ಹಾಕುವುದನ್ನೇ ಮರೆತಿದ್ದಳು. ನಾವು ಹಾಗೇ ಕುಡಿದೆವು. ಖಾಲಿ ಬಟ್ಟಲು ಎತ್ತಿಕೊಳ್ಳುತ್ತ ಹೇಳಿದಳು: "ನಮ್ಮಣ್ಣ ಬಂದು ಕೇಳಲಿ. ಕೇಳಿದ್ರ ಪೂರಾ ಬರದು ಕೊಡ್ತೇನಿ. ಅಂವಾ ನನ್ನ ಹೊಸ್ತಿಲಾ ದಾಟಿ ಐದ ವರ್ಷಾತು." ರಾಜಮತಿಬಾಯಿ ಅಲ್ಲಿಂದಲೇ ಸಖಾರಾಮನಿಗೆ ಫೋನು ಮಾಡಿದರು. "ಸಹೀಗೆ ಆಕಿ ಮನಿ ಬಾಗಲಾ ಕಾಯೂದ? ಆಗಂಗಿಲ್ಲ" ಎಂದು ಇಟ್ಟುಬಿಟ್ಟನಂತೆ.

ತಿರುಗಿ ಬರುವಾಗ ಬಸ್ಸಿನಲ್ಲಿ ನೀನು ಹೇಳಿದ ಮಾತು ಹೇಳಬೇಕೆಂದು ಬಾಯಿ ತೆರೆದೆ. "ನಾನು ನನ್ನ ತಮ್ಮನಿಗೆ ಒಂದೇ ನಿಮಿಷದಾಗ ಸಹಿ ಮಾಡಿಕೊಟ್ಟೇನ್ರಿ" ಎಂದೆ. ಅವರು ಕೇಳಿದರು: "ನಿನ್ನನ್ನ ಯಾರ ಕೇಳಿದ್ರವಾ?"

ಯಲ್ಲೂ, ಯಾರೂ ಕೇಳಲಿಲ್ಲ. ಹನ್ನೆರಡು ವರ್ಷದ ಹಿಂದೆ ಪಂಚಮಿಗೆ ತವರಿಗೆ ಬಂದವಳನ್ನು "ಅಕ್ಕಾ, ಕಾಗಲಕ್ಕ ಒಂದ ಗಳಿಗಿ ಬಾ" ಎಂದು ಕರೆದುಕೊಂಡು ಹೋದೆ. ಕಾಗದ ಮರಾಠಿಯಲ್ಲಿತ್ತು. ಬರೆಯುವವನು ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿ ತೋರಿಸಿದಲ್ಲೆಲ್ಲ ಕನ್ನಡದಲ್ಲಿ ಗೌರವ್ವ ಎಂದು ಬರೆದೆ. ಆಮೇಲೆ ನೀನು ಭಜಿ ತಿನ್ನಿಸಿದೆ, ಸೀರೆ ಕೊಡಿಸಿದೆ. ನನ್ನ ಪಾಲು ಹೋಯಿತು ಎಂದು ಸಂಜೆ ಅವ್ವ ಹೇಳಿದಾಗಲೇ ತಿಳಿಯಿತು. ಕೇಳಿದ್ದರೆ ನಗುತ್ತ ಬಿಟ್ಟುಕೊಡುತ್ತಿದ್ದೆನೋ ಏನೋ, ಈಗ ನನಗೇ ಗೊತ್ತಿಲ್ಲ. ಜಗಳ ತೆಗೆದರೆ ಮರುವರ್ಷ ಪಂಚಮಿಗೆ ಯಾರೂ ಕರೆಯಲಿಕ್ಕಿಲ್ಲ ಎಂದು ಸುಮ್ಮನಾದೆ. ನನಗೆ ನೋವಾಗಿದೆ. ಹನ್ನೆರಡು ವರ್ಷದಿಂದ ಆಗುತ್ತಲೇ ಇದೆ. ಒಂದು ಮಾತಾದರೂ ಆಡಿದೆಯಾ ಎಂದು ನೀನು ಬರೆದದ್ದು ಓದಿದ ಮೇಲೆ ಇದನ್ನು ಬರೆಯದೆ ಇರಲು ಆಗಲಿಲ್ಲ.

ಗೌರವ್ವ

ಇಚಲಕರಂಜಿ
೧೧ ಫೆಬ್ರವರಿ ೨೦೨೫

ಅಕ್ಕಾ,

ನಿನ್ನ ಪತ್ರ ಬಂತು. ಇದು ನಿನ್ನ ಮಾತಲ್ಲ, ಜೋತಿಬಾ ಮಾವ ಹೇಳಿಕೊಟ್ಟದ್ದು. ಹೊಲ ಮಾರಿದ ಸುದ್ದಿ ಕಿವಿಗೆ ಬಿದ್ದ ಮೇಲೆಯೇ ಇವೆಲ್ಲ ನೆನಪಾಯಿತೇ? ಅಪ್ಪ ಹಾಸಿಗೆ ಹಿಡಿದಾಗ ಎರಡು ವರ್ಷ ನೋಡಿಕೊಂಡವರು ನಾನು, ಮನೀಷಾ. ಅವ್ವನ ಕೊನೆಯ ದಿನಗಳೂ ಇದೇ ಕೋಣೆಯಲ್ಲಿ ಕಳೆದವು. ಅದನ್ನು ಯಾರು ಬರೆದಿಟ್ಟಿದ್ದಾರೆ?

ನನಗೆ ಮನೆ ಬೇಕು. ಯುಗಾದಿಗೆ ಆರು ವಾರ ಉಳಿದಿವೆ. ಇಲ್ಲಿ ಪ್ರಣಾಲಿ ಕಿವಿಗೆ ಹತ್ತಿ ಇಟ್ಟುಕೊಂಡು ಪರೀಕ್ಷೆಗೆ ಓದುತ್ತಾಳೆ. ರಾಜಮತಿಬಾಯಿಗೆ ಇನ್ನು ಬರುವುದು ಬೇಡ ಎಂದು ಹೇಳಿ ಕಳಿಸಿದ್ದೇನೆ. ಸೋಮವಾರ ಹದಿನೇಳಕ್ಕೆ ಕೊಲ್ಹಾಪುರದಲ್ಲಿ ಹರ್ಷದನ ಆಫೀಸಿನಲ್ಲಿ ಇಸಾರ ಕೊಡುತ್ತೇನೆ. ಹಿರಾಬಾಯಿಯ ವಿಚಾರ ಆ ಅಣ್ಣ-ತಂಗಿಯರದು.

ಯಲ್ಲೇಶ

ಗಡಹಿಂಗ್ಲಜ
೧೩ ಫೆಬ್ರವರಿ ೨೦೨೫

ಯಲ್ಲೇಶನಿಗೆ,

ನಿನ್ನ ಮಾವನಿಗೆ ಕನ್ನಡ ಓದಲು ಬರುವುದಿಲ್ಲ, ಅದನ್ನು ನೀನೇ ಬರೆದಿದ್ದೆ. ನಾನು ಏನು ಬರೆದೆ ಎಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಅಪ್ಪ-ಅವ್ವನನ್ನು ನೀವು ನೋಡಿಕೊಂಡಿರಿ. ಅದು ನಿಜ, ನಾನು ಎಂದೂ ಇಲ್ಲ ಎಂದಿಲ್ಲ. ನೀನು ಒಂದು ಸಲ ಹಾಗೆಂದು ನನ್ನ ಮುಂದೆ ಕುಳಿತು ಕೇಳಿದ್ದರೆ ಸಾಕಿತ್ತು.

ಗೌರವ್ವ

ಇಚಲಕರಂಜಿ
೨ ಮಾರ್ಚ್ ೨೦೨೫

ಅಕ್ಕಾ,

ನಿನ್ನ ಚೀಟಿ ಶನಿವಾರ ಕೈಗೆ ಬಂತು. ಓದಿ ಸಿಟ್ಟಿನಿಂದ ಮಡಚಿಟ್ಟೆ. ಸೋಮವಾರ ಮನೀಷಾಳನ್ನು ಕರೆದುಕೊಂಡು ಹಣದ ಚೀಲದೊಂದಿಗೆ ಕೊಲ್ಹಾಪುರಕ್ಕೆ ಹೋದೆ.

ಅಲ್ಲಿ ನಡೆದದ್ದು ಹೇಳುವ ಮೊದಲು ನಿನ್ನಿಂದ ಮುಚ್ಚಿಟ್ಟ ಒಂದು ಮಾತು ಹೇಳಬೇಕು. ಜನವರಿಯಲ್ಲಿ ಮೊದಲ ಸಲ ಹೋದಾಗಲೇ ಹರ್ಷದ ಗಾಜಿನ ಆಚೆ ನಿಂತು ಸಖಾರಾಮನಿಗೆ "ತಂಗೀ ಹೆಸರ ಈಗ ತಗೀಬ್ಯಾಡ್ರಿ" ಎನ್ನುವುದನ್ನು ನಾನು ತುಟಿಯಲ್ಲಿ ಓದಿದ್ದೆ. ತಂಗಿ ಇದ್ದಾಳೆಂದು ರಾಜಮತಿಬಾಯಿ ಉತಾರ ತೆಗೆಸುವ ಮೊದಲೇ ನನಗೆ ಗೊತ್ತಿತ್ತು. ಗೊತ್ತಿಲ್ಲದವನಂತೆ ಇದ್ದೆ. ಕಾಲಿಗೆ ನಡುಕ ಬಾರದ ನೆಲ ಸಿಕ್ಕಿತ್ತು, ಅದು ಕೈತಪ್ಪಬಾರದು ಎಂಬ ಆಸೆ.

ಈ ಸಲವೂ ನಮ್ಮಿಬ್ಬರನ್ನು ಸೋಫಾದ ಮೇಲೆ ಕೂರಿಸಿ ಅವರಿಬ್ಬರು ಗಾಜಿನ ಕೋಣೆಯೊಳಗೆ ನಿಂತರು. ಕಿವುಡನ ಎದುರಿಗೆ ಬಾಗಿಲು ಹಾಕಿದರೆ ಸಾಕೆಂದು ತಿಳಿದಿದ್ದರು. ಹರ್ಷದ ಹೇಳಿದ: "ಕಿವುಡ ಅದಾನ, ಓದಾಕೂ ಕೇಳಂಗಿಲ್ಲ, ಸಹಿ ಮಾಡ್ತಾನ. ಮುಂದ ತಂಗಿ ಕೋರ್ಟಿಗೆ ಹೋದ್ರ ಅದು ಅಂವನ ತಲಿಬ್ಯಾನಿ." ಅಷ್ಟಕ್ಕೂ ನಾನು ಎದ್ದಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆಮೇಲೆ ಸಖಾರಾಮ ಅಂದ: "ನಮ್ಮ ತಂಗಿ ಏನೂ ಅನ್ನಂಗಿಲ್ಲ. ಒಂದ ಸೀರಿ ತಂದರ ಸುಮ್ಮನಾಗ್ತಾಳ."

ಅಕ್ಕಾ, ಕಾಗಲದ ಕಚೇರಿಯಲ್ಲಿ ಬರೆಯುವವನು "ಅಕ್ಕಗ ಎಲ್ಲಾ ತಿಳಿಸೀರಿ ಏನ್ರಿ?" ಎಂದು ಕೇಳಿದ್ದ. ನೀನು ಹೊರಗೆ ನೀರು ಕುಡಿಯುತ್ತಿದ್ದೆ. ನಾನು ಅವನಿಗೆ ಕೊಟ್ಟ ಉತ್ತರ ಇದೇ, ಸೀರೆಯ ಮಾತೂ ಸೇರಿ. ಆಗ ನನ್ನ ಕಿವಿ ಚೆನ್ನಾಗಿತ್ತು. ನನ್ನ ಮಾತು ನನಗೇ ಕೇಳಿಸಿತ್ತು.

ನಾನು ಎದ್ದೆ. ಮನೀಷಾ ನನ್ನ ಮುಖ ನೋಡಿ ಚೀಲ ಎತ್ತಿಕೊಂಡಳು. ಹರ್ಷದ ಬಾಗಿಲ ತನಕ ಬಂದು ಕಿವಿಯಲ್ಲಿ ಕೂಗಿದ, ಏನೆಂದು ನೋಡಲಿಲ್ಲ. ಎಂಟನೆಯ ದಿನಕ್ಕೆ ಆ ಮನೆಗೆ ಬೇರೆಯವರು ಇಸಾರ ಕೊಟ್ಟರಂತೆ. ಮನೀಷಾ ಅತ್ತಳು. ನನಗೂ ಅಳು ಬಂತು.

ರಾಜಮತಿಬಾಯಿಯ ಬಳಿ ಹೋಗಿ ತಪ್ಪಾಯಿತು ಎಂದೆ. ನಾಲ್ಕು ವಾರದಲ್ಲಿ ಮನೆ ಹುಡುಕಿಕೊಡಿ ಎಂದೆ. ಅವರು ಬೈಯಲಿಲ್ಲ. "ಹುಡುಕ್ತೇನಿ. ಆದ್ರ ಎಷ್ಟ ದೊಡ್ಡ ಮನಿ ನೋಡಬೇಕು ಅನ್ನೂದನ್ನ ನಿಮ್ಮ ಅಕ್ಕನ್ನ ಕೇಳಿ ಬಂದು ಹೇಳ್ರಿ" ಎಂದರು.

ಅದಕ್ಕೇ ಕೇಳುತ್ತಿದ್ದೇನೆ. ಎದುರಿಗೆ ಬಂದು ಕೇಳುವ ಧೈರ್ಯ ಇಲ್ಲ, ಬಂದರೆ ನನ್ನ ಮುಖ ನೋಡಿ ನೀನು ಬೇಡ ಎಂದುಬಿಡುತ್ತೀ. ಕಾಗದದ ಪ್ರಕಾರ ಹೊಲ ನನ್ನದಾಗಿತ್ತು, ಯಾವ ಕೋರ್ಟೂ ನನ್ನನ್ನು ಕೇಳುವುದಿಲ್ಲ. ನಾನು ಕೇಳುತ್ತೇನೆ. ಅಪ್ಪನ ಹೊಲದಲ್ಲಿ ನಿನ್ನ ಪಾಲು ನಿನಗೆ ಬೇಕೇ?

ಯಲ್ಲೂ

ಗಡಹಿಂಗ್ಲಜ
೯ ಮಾರ್ಚ್ ೨೦೨೫

ಯಲ್ಲೂ,

ಬೇಕು.

ನೀನು ಕೇಳಿದರೆ ಬೇಡ ಎನ್ನಬೇಕೆಂದೇ ಹನ್ನೆರಡು ವರ್ಷ ಅಂದುಕೊಂಡಿದ್ದೆ. ಎಷ್ಟೋ ಸಲ ಮಷೀನು ತುಳಿಯುತ್ತ ಆ ಮಾತನ್ನು ಮನಸ್ಸಿನಲ್ಲೇ ಆಡಿದ್ದೇನೆ. ನೀನು ಕೇಳುತ್ತೀ, ನಾನು ನಿನ್ನ ತಲೆ ಸವರಿ "ಹುಚ್ಚಾ, ನಿನ್ನ ಬಿಟ್ಟರ ನನಗ ಯಾರದಾರ" ಎನ್ನುತ್ತೇನೆ. ನಿಜವಾಗಿ ಕೇಳಿದ ಮೇಲೆ ನೋಡಿದರೆ ಮನಸ್ಸಿನಲ್ಲಿ ಬೇಕು ಎಂದೇ ಇದೆ. ನನ್ನ ಹೆಸರಿನಲ್ಲಿ ಈ ಊರಲ್ಲಿ ಒಂದು ಹೊಲಿಗೆ ಮಷೀನು ಬಿಟ್ಟರೆ ಏನೂ ಇಲ್ಲ. ಅಪ್ಪನದು ಅಂತ ಒಂದಿಷ್ಟು ಇರಲಿ. ಅಪ್ಪ-ಅವ್ವನ ಔಷಧ, ಮಣ್ಣು ಎಲ್ಲದರ ಖರ್ಚು ಮೊದಲು ನೀನು ತೆಗೆದುಕೋ. ಉಳಿದದ್ದರಲ್ಲಿ ಸಮಪಾಲು.

ಇದನ್ನು ಬರೆಯಲು ಮೂರು ದಿನ ಹಿಡಿಯಿತು. ನಮ್ಮ ಓಣಿಯಲ್ಲಿ ಪಾಲು ಕೇಳಿದ ಹೆಣ್ಣುಮಕ್ಕಳನ್ನು ನೋಡಿದ್ದೇನೆ. ಪಾಲು ಸಿಗುತ್ತದೆ, ಪಂಚಮಿಗೆ ಕರೆಯಲು ಯಾರೂ ಬರುವುದಿಲ್ಲ. ನನಗೆ ಭಯವಾಗುತ್ತಿದೆ, ಯಲ್ಲೂ. ಪ್ರಣಾಲಿಯನ್ನು ನೆನೆದರೆ ಇನ್ನೂ ಭಯ, ನನ್ನಿಂದ ಮನೆ ಸಣ್ಣದಾಗುತ್ತದೆ. ಆದರೂ ಅಳಿಸಿ ಬೇರೆ ಬರೆಯುವುದಿಲ್ಲ. ಕೇಳಿದ್ದೀ, ಹೇಳಿದ್ದೇನೆ.

ಅಕ್ಕ

ಇಚಲಕರಂಜಿ
೨೧ ಮಾರ್ಚ್ ೨೦೨೫

ಅಕ್ಕನಿಗೆ ನಮಸ್ಕಾರ.

ಉತ್ತರ ತಡವಾಯಿತು. ನಿನ್ನ ಪತ್ರ ಓದಿ ನಾಲ್ಕು ದಿನ ನಿನ್ನ ಮೇಲೆ ಸಿಟ್ಟಿತ್ತು. ಬೇಡ ಎನ್ನುತ್ತೀ ಎಂದು ನಂಬಿಯೇ ಕೇಳಿದ್ದೆ, ಅದು ಸಿಟ್ಟು ಬಂದ ಮೇಲೆ ತಿಳಿಯಿತು. ಇವತ್ತೂ ಸ್ವಲ್ಪ ಉಳಿದಿದೆ, ಅದು ಹೋಗಲು ದಿನ ಹಿಡಿಯಬಹುದು. ಮನೀಷಾಗೆ ನಿನ್ನ ಪತ್ರ ಓದಿ ಹೇಳಿದೆ. ಅವಳು ಕೇಳಿ, "ನಮ್ಮ ಪ್ರಣಾಲೀನ್ನೂ ಯಾರರ ಹಿಂ‌ಗ ಕೇಳಲಿ" ಎಂದಳು.

ಬುಧವಾರ ನಾನೇ ಬರುತ್ತೇನೆ. ನಿನ್ನ ಪಾಲನ್ನು ನಿನ್ನ ಹೆಸರಿನ ಖಾತೆಗೆ ಹಾಕಿಸಿ ಬರುತ್ತೇನೆ. ಮಾವನಿಗೆ ನೀನು ಹೇಳುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು.

ರಾಜಮತಿಬಾಯಿ ಉಳಿದ ಹಣಕ್ಕೆ ತಕ್ಕ ಮನೆ ಹುಡುಕಿದರು. ಊರಿನಿಂದ ಇನ್ನೂ ದೂರ, ನಳ ದಿನ ಬಿಟ್ಟು ದಿನ ಬರುತ್ತದೆ. ಮಾರುವವನಿಗೆ ಇಬ್ಬರು ತಂಗಿಯರು. ಇಬ್ಬರ ಮನೆಗೂ ಹೋಗಿ ಕೇಳಿದರು. ಅಣ್ಣನೂ ಜೊತೆಗೆ ಬಂದಿದ್ದ, ಅವನೂ ನಾನೂ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದೆವು. ಒಬ್ಬಳು ಬೇಡ ಎಂದಳು, ಒಬ್ಬಳು ಬೇಕು ಎಂದಳು. ಅಣ್ಣ ಮುಖ ಸಣ್ಣ ಮಾಡಿಕೊಂಡ. ನಾನು ಅವನ ಹತ್ತಿರ ಸರಿದು ಕುಳಿತೆ. ಮಂಗಳವಾರ ಇಬ್ಬರೂ ಬಂದು ಸಹಿ ಮಾಡುತ್ತಾರೆ.

ಯುಗಾದಿಯ ದಿನ ಒಳಗೆ ಹೋಗುತ್ತೇವೆ. ನೀನು ಹಿಂದಿನ ದಿನವೇ ಬಾ, ಹಾಲು ಉಕ್ಕಿಸುವುದು ನಿನ್ನ ಕೈಯಿಂದಲೇ ಆಗಬೇಕು. ತವರುಮನೆ ಈಗ ಎರಡೇ ಕೋಣೆ ಅಕ್ಕಾ, ಒತ್ತಿಕೊಂಡು ಮಲಗಬೇಕಾಗುತ್ತದೆ.

ಯಲ್ಲೂ